ಏಳು ಕ್ಲಿಪ್ಪು

ಒಂಬತ್ತು ಸಾವಿರ ಅಡಿ ದಾಟಿದ್ದೇ ತಡ
ಮನೆ ಕೆಮ್ಮಿತು.
ಎರಡು ಸಲ ಬಿಕ್ಕಿ,
ಸ್ಟವ್ವು, ಸಿಂಕು, ಹಾಸಿಗೆ, ನನ್ನ ಪುದೀನ ಕುಂಡದ ಸಮೇತ
ವಯೋಮಿಂಗಿನ ಏರುರಸ್ತೆಯ ಅಂಚಿಗೆ ಬಂದು
ಸುಮ್ಮನಾಯಿತು.

ವರ್ಲಿನ್ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಟ್ಟ.
"ಪೆಟ್ರೋಲು ಪೈಪಿನಲ್ಲೇ ಆವಿಯಾಗಿದೆ" ಅಂದ,
ಹಳೇ ನೆಂಟನ ಚಟ ಹೇಳುವ ಹಾಗೆ.
"ಕ್ಲಿಪ್ಪು ತಾ."

ಒಳಗಿನ ಹಗ್ಗದಿಂದ ಅವನ ಅಂಗಿ, ನನ್ನ ಲಂಗ ಇಳಿಸಿ
ಏಳು ಮರದ ಕ್ಲಿಪ್ಪು ತಂದೆ.
ಪೈಪಿನುದ್ದಕ್ಕೂ ಸಾಲಾಗಿ ಕಚ್ಚಿಸಿದೆವು,
ಮೇಲೆ ಒದ್ದೆ ಟವೆಲು, ಜ್ವರದ ಹಣೆಗೆ ಹಾಕಿದಂತೆ.
ಇದು ಕಂಪನಿಯ ಪುಸ್ತಕದಲ್ಲಿಲ್ಲ,
ಅವನಪ್ಪನ ಆಲೂಗಡ್ಡೆ ಲಾರಿಯಿಂದ ಬಂದ ವಿದ್ಯೆ.
ಕೆಲಸ ಮಾಡುವುದು ಕ್ಲಿಪ್ಪೋ
ಕಾದು ಕೂತ ಅರ್ಧ ಗಂಟೆಯೋ,
ಮೂವತ್ತೊಂದು ವರ್ಷದಿಂದ ನಮ್ಮ ಜಗಳ.

ರಾತ್ರಿ ಫ್ರಿಜ್ಜಿಗೆ ಸಮನೆಲ ಬೇಕು.
ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟು
ನಾನು ಕಿಟಕಿಯಿಂದ ಕೂಗುತ್ತೇನೆ:
ಎಡಕ್ಕೆ, ಇನ್ನೊಂದಂಗುಲ, ಅಯ್ಯೋ ಜಾಸ್ತಿಯಾಯಿತು.
ಅವನು ಕತ್ತಲಲ್ಲಿ ಬೈಯುತ್ತ
ಚಕ್ರದಡಿ ಹಲಗೆ ತೂರಿಸುತ್ತಾನೆ.
ಅರ್ಧ ಲೀಟರು ಹಾಲು ಕೆಡದಿರಲಿ ಅಂತ
ಇಷ್ಟು ಪಾಡು.

ಮರುದಿನ ಇಳಿಜಾರು.
ಬ್ರೇಕಿನ ಕಮಟು ವಾಸನೆಗೆ ನಾನು ಸೀಟು ಹಿಡಿದು ಕೂತಿರುವಾಗ
ಹಿಂದೆ ಕರಕರ, ಕನ್ನಡಿಯಲ್ಲಿ ಕಿಡಿ.
ಸೈಲೆನ್ಸರು ಕೊಕ್ಕೆ ಮುರಿದುಕೊಂಡು
ರಸ್ತೆ ಗೀರುತ್ತ ಬರುತ್ತಿತ್ತು.

ಅಂಗಾತ ಕೆಳಗೆ ಜಾರಿದ.
ಕರೆಂಟು ಕಂಬ ಹತ್ತಿ ಬದುಕಿದ ಕೈ ಅದು,
ಹಿಮ ಬೀಸುವಾಗ, ನಡುರಾತ್ರಿ,
ಕಣ್ಣು ಮುಚ್ಚಿ ನಟ್ಟು ಕೂರಿಸುತ್ತಿದ್ದ ಕೈ.
ಈಗ ನಟ್ಟಿಗೆ ಬೋಲ್ಟಿನ ಬಾಯಿ ಸಿಗಲೊಲ್ಲದು.
ಬಿತ್ತು. ಟಣ್.
ಹುಡುಕಿ ತೆಗೆದ. ಮತ್ತೆ, ಟಣ್.
ನಾನು ಟಾರ್ಚನ್ನು ಆಚೆ ತಿರುಗಿಸಿ
"ಸೆಲ್ಲು ಹೋಗ್ತಾ ಇದೆ" ಅಂದೆ.
ಹೊಸ ಸೆಲ್ಲು. ಅವನೇ ಹಾಕಿದ್ದು.

ಅಷ್ಟರಲ್ಲಿ ಕುರಿ.
ಮೊದಲು ಗಂಟೆ, ಆಮೇಲೆ ಧೂಳು, ಆಮೇಲೆ
ನಮ್ಮನ್ನು ಹೊಳೆಯ ನಡುವಿನ ಬಂಡೆ ಅಂದುಕೊಂಡು
ಎರಡೂ ಬದಿಗೆ ಹರಿದವು ನೂರಾರು ಬೆನ್ನು.
ಹಿಂದೆ ಕುದುರೆಯ ಮೇಲೆ ಎಲೆಯುತೇರಿಯೊ,
ಪೆರುವಿನ ಬೆಟ್ಟದವನು,
ಮೂರು ಬೇಸಿಗೆಯ ಕರಾರಿನ ಮೇಲೆ ಈ ಬೆಟ್ಟಕ್ಕೆ ಬಂದವನು.
ಬಗ್ಗಿ ನೋಡಿದ. ಏನೂ ಕೇಳಲಿಲ್ಲ.
ಜೀನಿನ ಚೀಲದಿಂದ
ಹುಲ್ಲುಪಿಂಡಿ ಬಿಗಿಯುವ ತಂತಿಯ ಸುರುಳಿ ತೆಗೆದು
ಯಾರಿಗೆ ಕೊಡಲಿ ಎಂಬಂತೆ ನಿಂತ.

ಕೆಳಗಿನಿಂದ ದನಿ ಬಂತು:
"ಅವಳಿಗೆ."

ನನ್ನ ಮನೆಯನ್ನು ಕೆಳಗಿನಿಂದ ನೋಡಿದ್ದು ಅವತ್ತೇ ಮೊದಲು.
ನಾಲ್ಕು ರಾಜ್ಯದ ಕೆಸರು, ಖಾಲಿ ಕಣಜದ ಗೂಡು,
ಟೇಪು, ಟಿನ್ನಿನ ತೇಪೆ, ಅಲ್ಲೊಂದು
ನನ್ನ ಕಳೆದುಹೋದ ಬೆಲ್ಟು, ಯಾವುದನ್ನೋ ಎತ್ತಿ ಹಿಡಿದಿತ್ತು.
"ಎರಡು ಸುತ್ತು ಬಲಕ್ಕೆ" ಅಂದ ವರ್ಲಿನ್, ಈಗ ಹೊರಗೆ ಕೂತು.
"ಪೂರಾ ಬಿಗಿಯಬೇಡ,
ಅಲುಗಾಡಲು ಅದಕ್ಕೆ ಜಾಗ ಬೇಕು."

ಹೊಳೆಯಂಚಿಗೆ ಅವನ ಗಾಡಿಮನೆ:
ಕ್ಯಾನ್ವಾಸು ಸೂರು, ಒಲೆ, ಹಾಸಿಗೆ, ಅಂಗೈಯಗಲ ಕಿಟಕಿ.
ಚಕ್ರದ ಮುರಿದ ಅರಕ್ಕೆ ಹಸಿತೊಗಲು ಸುತ್ತಿ ಒಣಗಿಸಿದ್ದ.
ಅದೂ ಓರೆಯಾಗೇ ನಿಂತಿತ್ತು.
ಕೊಟ್ಟ ಕಾಫಿ ತಗಡಿನ ಲೋಟದಲ್ಲಿ
ಒಂದು ಬದಿಗೆ ವಾಲಿತ್ತು; ಕುಡಿದೆವು.

ಇಪ್ಪತ್ತು ಡಾಲರು ಬೇಡವೆಂದ.
ಕ್ಲಿಪ್ಪಿನ ಕಡೆ ಕೈ ತೋರಿ, ಎರಡು ಬೆರಳೆತ್ತಿ,
ತನ್ನ ಒದ್ದೆ ಕಾಲುಚೀಲ ತೋರಿಸಿ ನಕ್ಕ.
ಕೊಟ್ಟೆ.

ಮುಂದಿನ ಕಣಿವೆಯಲ್ಲಿ ಮನೆ ಮತ್ತೆ ಕೆಮ್ಮಿತು.
ಕಲ್ಲು ಕೊಟ್ಟೆವು, ಟವೆಲು ಹಾಕಿದೆವು, ಕಾದೆವು.
ಐದರಲ್ಲೇ ಹೊರಟಿತು.
"ನೋಡಿದೆಯಾ" ಅಂದೆ, "ಕ್ಲಿಪ್ಪಲ್ಲ, ಕಾಯೋದು."
ಗೇರು ಬದಲಿಸಲು ನಾನು ಒದ್ದಾಡುವುದನ್ನು
ಪಕ್ಕದ ಸೀಟಿನಿಂದ ನೋಡುತ್ತ
ವರ್ಲಿನ್ ಅಂದ:
"ಐದೇ ಸಾಕಿತ್ತು ಅಂತಾಯಿತು, ಅಷ್ಟೇ."