ಮರಳಿ ಹೇಳು

ಓಮಿಯೊ ಊರಿನ ಬ್ಯಾಡ್ಮಿಂಟನ್ ಹಾಲು ಈಗ ನಮ್ಮ ಕಚೇರಿ.
ನೆಲದ ಬಿಳಿ ಗೆರೆಗಳನ್ನು ಯಾರೂ ಅಳಿಸಿಲ್ಲ:
ಸರ್ವೀಸ್ ಗೆರೆಯಾಚೆ ನಕ್ಷೆ, ಈಚೆ ರೇಡಿಯೊ,
ನೆಟ್ ಇದ್ದ ಕಡೆ ಒಂದು ಉದ್ದನೆ ಮೇಜು,
ಅದರ ತುದಿಯಲ್ಲಿ ನಾನು,
ಲಾಗ್ ಪುಸ್ತಕ, ಎರಡು ನೀಲಿ ಪೆನ್ನು,
ಗೋಡೆ ಗಡಿಯಾರದ ಮೇಲೆ ಸದಾ ಒಂದು ಕಣ್ಣು.

ಬೆಂಕಿ ಇಲ್ಲಿಗೆ ಬರುವುದು ಬರೀ ಮಾತಾಗಿ.
ಬಾಗಿಲ ಸಂದಿಯಲ್ಲಿ ಕಮಟು ಗಾಳಿ ನುಸುಳುತ್ತದೆ, ನಿಜ,
ಉರಿ ಕಾಣುವುದಿಲ್ಲ.
ಕಾಣುವುದು ಹಲಗೆಯ ಸೀಳುಗಳಲ್ಲಿ ಸಿಕ್ಕಿಸಿದ ರಟ್ಟಿನ ಚೀಟಿಗಳು,
ವಾಹನಕ್ಕೊಂದು, ಒಳಗಿರುವವರ ಹೆಸರು ಸಹಿತ.
ಚೀಟಿ ಎಲ್ಲಿದೆಯೋ ಜೀವ ಅಲ್ಲಿದೆ
ಎಂಬುದು ಇಲ್ಲಿನ ನಂಬಿಕೆ.

ಒಬ್ಬರ ಕೈಕೆಳಗೆ ಐವರು, ಹೆಚ್ಚೆಂದರೆ ಏಳು.
ಐದೇ ಯಾಕೆ ಎಂದು ಕೇಳಿದ್ದೆ ಮೊದಲ ವರ್ಷ.
ಲೋರ್ನಾ ಅಂಗೈ ಎತ್ತಿ ತೋರಿಸಿದ್ದಳು:
"ಇದಕ್ಕಿಂತ ಹೆಚ್ಚು ಹಿಡಿದರೆ ಯಾವುದೋ ಒಂದು ಜಾರುತ್ತದೆ."
ಹಾಲು ಕರೆಯುವ ಮನೆಯ ಹುಡುಗಿ, ಅಂಗೈ ಒರಟು.

ಇಂದು ತೋಳಿಲ್ಲದ ಬಿಳಿ ಅಂಗಿ ಅವಳ ಮೈಮೇಲೆ.
ಬೆನ್ನಲ್ಲಿ ಹೆಸರಿಲ್ಲ, ಹುದ್ದೆ ಮಾತ್ರ.
ಯಾರು ತೊಟ್ಟರೂ ಸಡಿಲ,
ಯಾರ ಅಳತೆ ಹಿಡಿದೂ ಹೊಲಿಸಿದ್ದಲ್ಲ.

ಪೂರ್ವದ ದಿಣ್ಣೆಯಲ್ಲಿ ಡೆಸ್ ಕವಾನಾ.
ಮೂವತ್ತೊಂದು ವರ್ಷ ಈ ಊರಿನ ಕ್ಯಾಪ್ಟನ್,
ಲೋರ್ನಾಗೆ ಹದಿನಾರರಲ್ಲಿ ಹೋಸ್ ಸುತ್ತಲು ಕಲಿಸಿದವನು,
ತಪ್ಪಿದಾಗೆಲ್ಲ ಬಿಚ್ಚಿ ಮತ್ತೆ ಸುತ್ತಿಸಿದವನು.
ಇಂದು ಅವಳ ಐದು ಬೆರಳಲ್ಲಿ ಒಂದು.

ನಾಲ್ಕು ಮೂವತ್ತೆಂಟು. ಹವಾಮಾನ ನೋಡುವ ಟ್ರಾನ್ ಎದ್ದು ನಿಂತ.
ಕೂಗಲಿಲ್ಲ, ಇಲ್ಲಿ ಯಾರೂ ಕೂಗಬಾರದು.
"ಗಾಳಿ ತಿರುಗುತ್ತಿದೆ. ಇಪ್ಪತ್ತು ನಿಮಿಷ. ಇಪ್ಪತ್ತೈದು ಸಿಗಲಾರದು."
ಲೋರ್ನಾ ನಕ್ಷೆಯ ಮೇಲೆ ಬಾಗಿದಳು.
ಬೆಂಕಿಯ ಉದ್ದನೆ ಪಕ್ಕೆಯೇ ಇನ್ನು ಮುಖ.
ಆ ಮುಖದೆದುರು ದಿಣ್ಣೆ,
ದಿಣ್ಣೆ ಮೇಲೆ ನಾಲ್ಕು ಟ್ಯಾಂಕರು, ಹದಿನೇಳು ಜನ,
ತಗಡಿನ ಸೂರಿನ ಒಂದು ಮನೆ, ಡೆಸ್‌ನದು.
ಮನೆಗೆ ಚೀಟಿ ಇಲ್ಲ.

"ಪೂರ್ವ ವಿಭಾಗ, ಇದು ನಿಯಂತ್ರಣ.
ಎಲ್ಲರೂ ದಿಣ್ಣೆ ಬಿಟ್ಟು ಕ್ರಿಕೆಟ್ ಮೈದಾನಕ್ಕೆ. ಈಗಲೇ.
ಮರಳಿ ಹೇಳಿ."

ನಿಯಮ ಅದು: ಕಿವಿಗೆ ಬಿದ್ದದ್ದು ಬಾಯಿಂದ ಮರಳಬೇಕು,
ಅಲ್ಲಿಯವರೆಗೆ ಆದೇಶ ಗಾಳಿಯಲ್ಲಿರುತ್ತದೆ.

ರೇಡಿಯೊ ಕರಕರ.
ಗಡಿಯಾರದ ಕೆಂಪು ಮುಳ್ಳು
ಹನ್ನೊಂದು ಮನೆ ದಾಟಿತು.
ಲೋರ್ನಾ ಎರಡನೆಯ ಸಲ ಹೇಳಲಿಲ್ಲ,
ಬೇಡಲಿಲ್ಲ, ಡೆಸ್ ಎಂದು ಕರೆಯಲಿಲ್ಲ.
ಕಾದಳು. ಮೇಜಿನ ಅಂಚು ಹಿಡಿದ ಕೈಯ
ಐದೂ ಬೆರಳು ಬಿಳಿಚಿದ್ದವು.

"ನಿಯಂತ್ರಣ, ಇದು ಪೂರ್ವ ವಿಭಾಗ.
ಎಲ್ಲರೂ ದಿಣ್ಣೆ ಬಿಟ್ಟು ಕ್ರಿಕೆಟ್ ಮೈದಾನಕ್ಕೆ. ಈಗಲೇ."
ಮಗ್ಗಿ ಒಪ್ಪಿಸುವ ಹುಡುಗನ ದನಿ,
ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬರೆದೆ: ೧೬:೪೧. ಆದೇಶ ತಲುಪಿತು. ಮರಳಿ ಹೇಳಲಾಯಿತು.
ಹನ್ನೊಂದು ಸೆಕೆಂಡಿಗೆ ಪುಸ್ತಕದಲ್ಲಿ ಕಾಲಮಿಲ್ಲ.

ಆಮೇಲೆ ಚೀಟಿಗಳು ಒಂದೊಂದಾಗಿ ಕೆಳಸಾಲಿಗೆ ಇಳಿದವು.
ನಾಲ್ಕನೆಯದು ತಡ:
ಯಾರದೋ ಕುದುರೆಗಳಿಗೆ ಗೇಟು ತೆಗೆಯಲು ನಿಂತಿದ್ದರಂತೆ.
ಲೋರ್ನಾ ಬೈದಳು, ತಣ್ಣಗೆ. ಅದನ್ನೂ ಬರೆದೆ.

ರಾತ್ರಿ ಎಂಟಕ್ಕೆ ಪಾಳಿ ಬದಲು.
ಬೆಂಡಿಗೊ ಕಡೆಯಿಂದ ಬಂದ ಗುರುತಿಲ್ಲದವನಿಗೆ
ಜನ, ನೀರು, ದಾರಿ, ಉಳಿದಿರುವ ಭಯ,
ಎಲ್ಲ ಎಣಿಸಿ ಒಪ್ಪಿಸಿದಳು.
ಅವನೂ ಮರಳಿ ಹೇಳಿದ.
ಬೆವರಿನ ಅಂಗಿ ಬಿಸಿಯಾರುವ ಮುನ್ನ ಕೈ ಬದಲಾಯಿತು.

ಅಂಗಿ ಕಳಚಿದ ಲೋರ್ನಾ ತೀರ ಸಣ್ಣವಳು.
ಹೊರಗೆ ಮೆಟ್ಟಿಲ ಮೇಲೆ ಡೆಸ್,
ಒಂದು ಬೂಟು ಬಿಚ್ಚಿ, ಇನ್ನೊಂದು ಮರೆತು.
ಪಕ್ಕದಲ್ಲಿ ಕೂತಳು.
ಮನೆಯ ಸುದ್ದಿ ನನ್ನ ಪಾಳಿಯಲ್ಲಿ ಬಂದಿರಲಿಲ್ಲ.
"ಹುಡುಗರು ಹೋಸನ್ನು ಮಣ್ಣುಸಹಿತ ಸುತ್ತಿಟ್ಟಿದ್ದಾರೆ," ಎಂದ.
"ಬಿಚ್ಚಿ ಸುತ್ತಿಸು," ಎಂದಳು.
"ಬಿಚ್ಚಿ ಸುತ್ತಿಸುತ್ತೇನೆ."

ಇಬ್ಬರೂ ಏಳಲಿಲ್ಲ.