ಲಾಭ, ಎರಡು, ಮೂರು

ರಾಯಚೂರು ಗಂಜ್‌ನ ಟೆಂಡರ್ ಕೋಣೆಯಲ್ಲಿ
ಗೋಡೆಗೆ ಬಡಿದ ಸ್ವಿಚ್ಚಿನ ಡಬ್ಬಿ,
ಅದರ ಹಸಿರು ಕಣ್ಣುಗಳ ಮೇಲೆ ಹತ್ತಿಯ ಧೂಳು.
ಊದಿ ಒರೆಸುತ್ತೇನೆ. ನನ್ನ ಕೆಲಸದಲ್ಲಿ ಅರ್ಧ ಇದೇ.

ಹೊರಗೆ ಸವಾರೆಪ್ಪ ಅಂಡಿಗೆ ಎಣಿಸುತ್ತಿದ್ದಾನೆ.
ಒಂದು ಎನ್ನುವುದಿಲ್ಲ ಅವನು. ಲಾಭ. ಎರಡು. ಮೂರು.
ಅಂಡಿಗೆಗೊಂದು ಹುಣಸೆಬೀಜ
ಎಡಗಿಸೆಯಿಂದ ಬಲಗಿಸೆಗೆ.
ಕೊನೆಗೆ ಬೀಜವೂ ಬಾಯಿಯೂ ಒಂದೇ ಅಂಕಿಗೆ ನಿಲ್ಲಬೇಕು,
ಇಲ್ಲಾಂದರೆ ಮತ್ತೆ ಮೊದಲಿಂದ,
ಲಾರಿಯವನು ಹಾರ್ನು ಹೊಡೆದರೂ,
ಬಿಸಿಲು ಹೆಗಲೇರಿ ಕೂತರೂ.

ಒಳಗೂ ಅದೇ ನಡೆದಿದೆ, ಸದ್ದಿಲ್ಲದೆ.
ತಂತಿಯಲ್ಲಿ ಬರುವ ಒಂದೊಂದು ಗಂಟಿಗೂ
ತುದಿಯಲ್ಲೊಂದು ಉಳಿಕೆ.
ಕಳಿಸಿದವನು ಇಡೀ ಗಂಟನ್ನು ಒಂದೇ ದೊಡ್ಡ ಸಂಖ್ಯೆಯಾಗಿ ಓದಿ,
ಇಬ್ಬರಿಗೂ ಗೊತ್ತಿರುವ ಇನ್ನೊಂದರಿಂದ ಭಾಗಿಸಿ,
ಮಿಕ್ಕಿದ್ದನ್ನು ಅಂಚಿಗೆ ಹೊಲಿದಿದ್ದಾನೆ.
ಇಲ್ಲಿ ಮತ್ತೆ ಭಾಗಾಕಾರ.
ಮಿಕ್ಕಿದ್ದಕ್ಕೆ ಮಿಕ್ಕಿದ್ದು ತಾಳೆಯಾದರೆ, ಬಾ.
ಆಗದಿದ್ದರೆ ಬಯ್ಯುವುದಿಲ್ಲ, ಕಾರಣ ಕೇಳುವುದಿಲ್ಲ,
ಎಸೆದು ಸುಮ್ಮನಾಗುತ್ತದೆ ಡಬ್ಬಿ.
ಉತ್ತರ ಬರದ ಆ ಮೌನ ಕೇಳಿಸಿಕೊಂಡೇ
ದೂರದವನು ಇನ್ನೊಮ್ಮೆ ಕಳಿಸಬೇಕು.

ಇವತ್ತು ಎಸೆದವು ನಾಲ್ಕು ಸಾವಿರದ ನೂರ ಹದಿನಾರು.
ತಂತಿಯ ಜಾಡು ಹಿಡಿದು ಹೊರಟೆ.
ಬೋರಿನ ಮೋಟಾರಿಗೆ ಹೋಗುವ ಕರೆಂಟು ವೈರಿಗೆ
ಯಾರೋ ನಮ್ಮದನ್ನೂ ತೆಕ್ಕೆಹಾಕಿಸಿ ಬಿಗಿದಿದ್ದರು.
ಮೋಟಾರು ಗುಡುಗಿದಾಗಲೆಲ್ಲ
ಅಲ್ಲೊಂದು ಸೊನ್ನೆ ಒಂದಾಗುವುದು,
ಇಲ್ಲೊಂದು ಒಂದು ಸೊನ್ನೆ.
ಬಿಚ್ಚಿ, ಎರಡು ಮೊಳ ದೂರ ಕಟ್ಟಿದೆ.

ಚಹಾದ ಹೊತ್ತಿಗೆ ಗದ್ದಲ.
ಇನ್ನೂರ ಹನ್ನೆರಡು ಎಂದಿದ್ದವು
ಬೀಜ, ಬಾಯಿ, ಪರದೆ, ಮೂರೂ.
ಆದರೂ ಮಾನ್ವಿಯವರ ಅಂಡಿಗೆಯೊಂದು ದೇವದುರ್ಗದವರ ಅಟ್ಟಿಯಲ್ಲಿ,
ಅವರದೊಂದು ಇವರದರಲ್ಲಿ.
ಎರಡು ತಪ್ಪು ಒಂದನ್ನೊಂದು ಸರಿತೂಗಿ
ಲೆಕ್ಕದ ಮುಂದೆ ಸಾಚಾ ನಿಂತಿದ್ದವು.

"ಎಣಿಕಿ ಎಷ್ಟು ಅಂತ ಹೇಳ್ತದ," ಅಂದ ಸವಾರೆಪ್ಪ,
"ಯಾವ್ದು ಎಲ್ಲಿ ಅಂತ ಹೇಳಂಗಿಲ್ಲ."

ನನ್ನ ಡಬ್ಬಿ ಅದನ್ನೂ ಹಿಡಿಯುತ್ತದಪ್ಪ,
ಜಾಗ ಅದಲುಬದಲಾದರೆ ಉಳಿಕೆಯೂ ಬದಲು
ಎನ್ನಲು ಬಾಯಿ ತೆರೆದೆ. ಎನ್ನಲಿಲ್ಲ.
ನಾನೂರು ಕೋಟಿಗೊಮ್ಮೆಯಾದರೂ
ಕೆಟ್ಟ ಗಂಟಿಗೂ ಅದೇ ಉಳಿಕೆ ಬಂದೀತು,
ಆಗ ಅದರ ಹಸಿರು ಕಣ್ಣು
ರೆಪ್ಪೆ ಕೂಡ ಅಲುಗಿಸುವುದಿಲ್ಲ.

ಅವನು ಬಲಗಿಸೆ ಕೊಡವಿ
ಬೀಜಗಳನ್ನು ಎಡಗಿಸೆಗೆ ಸುರುವಿಕೊಂಡ.
ಈ ಸಲ ಅಂಡಿಗೆಯ ಮೇಲಿನ ಸುಣ್ಣದ ಗುರುತನ್ನೂ
ಬೆರಳಿಂದ ಮುಟ್ಟಿ ಮುಟ್ಟಿ ಕೂಗುತ್ತ:
ಲಾಭ, ಮಾನ್ವಿ.
ಎರಡು, ಮಾನ್ವಿ.
ಮೂರು...
ತಡಿ, ಇದನ್ನ ಈ ಕಡಿ ಹೊಳ್ಳಿಸು.