ಬಾಣದ ಗುರುತು

ಸುವೈಕ್‌ನ ಕೋಟೆಗೆ ಈಗ ವೈರಿಗಳಿಲ್ಲ;
ಬರುವವರು ಟಿಕೆಟ್ ಕೊಂಡೇ ಬರುತ್ತಾರೆ,
ಕಾರು ನಿಲ್ಲಿಸಲು ಜಾಗ ಕೇಳುತ್ತಾರೆ.
ಅದಕ್ಕೇ ನಮ್ಮನ್ನು ಕರೆಸಿದ್ದು:
ಅರವತ್ತು ಕಾರು, ಎರಡು ಬಸ್ಸು,
ಮಳೆ ಬಂದರೆ ನೀರು ನಿಲ್ಲಬಾರದು.

ವರ್ಷಕ್ಕೆ ಎರಡು ದಿನದ ಮಳೆ,
ಅದಕ್ಕೆ ಐದು ತಿಂಗಳ ಕೆಲಸ.
ಗಂಗೊಳ್ಳಿಯ ನಾನು ಮೊದಮೊದಲು ನಕ್ಕೆ.
ಆಸಾಡಿಯ ಒಂದು ಮಧ್ಯಾಹ್ನ ನಮ್ಮಲ್ಲಿ ಇಷ್ಟು ಸುರಿಯುತ್ತದೆ,
ಯಾರೂ ನಕ್ಷೆ ಬರೆಯುವುದಿಲ್ಲ.

ಕಾವಲುಗಾರ ಮುಸಬ್ಬಾ ಗೋಡೆ ತೋರಿಸಿದ:
ಎದೆಯೆತ್ತರಕ್ಕೆ ಒಂದು ಕಂದು ಗೆರೆ.
'ಫಿರಂಗಿಯದಲ್ಲ ಇದು, ವಾದಿಯದು.'
ಇಲ್ಲಿ ವಾದಿಯೆಂದರೆ ಕೋರ್ಟಿನವನಲ್ಲ, ಒಣಹೊಳೆ;
ಆದರೂ ಒಂದು ರಾತ್ರಿ
ಹಳೇ ಬಾಕಿ ವಸೂಲಿಗೆ ಬಂದೇ ಬರುತ್ತದೆ.

ಒಳಗೆ ಖರ್ಜೂರದ ಕೋಣೆ.
ನೆಲದ ತುಂಬ ಬೆರಳಗಲದ ಕಾಲುವೆಗಳು,
ಮೂಟೆಗಳ ಭಾರಕ್ಕೆ ಒಸರಿದ ಪಾಕ
ಮೂಲೆಯ ಹಂಡೆಗೆ ಹರಿಯಲೆಂದು.
ಮುತ್ತಿಗೆಯಾದರೆ ಅದನ್ನೇ ಕಾಯಿಸಿ
ಬಾಗಿಲ ಮೇಲಿಂದ ಸುರಿಯುತ್ತಿದ್ದರಂತೆ.
ಕುಕ್ಕುರುಗಾಲಲ್ಲಿ ಕೂತು ರಸಮಟ್ಟ ಇಟ್ಟೆ:
ಮೀಟರಿಗೆ ಎರಡು ಸೆಂಟಿಮೀಟರ್, ಕೂದಲೆಳೆ ತಪ್ಪಿಲ್ಲ.
ಯಾರ ಕಣ್ಣಳತೆಯೋ. ಜೇನಿಗಿಂತ ದಪ್ಪದ್ದನ್ನೂ
ಹೇಳಿದಲ್ಲಿಗೆ ಕಳಿಸಿದವನು.

ನಮ್ಮದು ಬರೀ ನೀರು.
ಗುಲ್ ಮರ್ಜಾನನ ಜೆಸಿಬಿ ಅಗೆಯುತ್ತ
ಮೂರನೆಯ ದಿನ ಠಣ್ಣೆಂದಿತು:
ತುಕ್ಕು ತಿಂದ ಫಿರಂಗಿ ಗುಂಡು, ಮೂರು.
ಇಲಾಖೆಯವರು ಬಂದು ಬಟ್ಟೆಯಲ್ಲಿ ಸುತ್ತಿ
ಬಾಣಂತಿ ಮನೆಯಿಂದ ಮಗು ಒಯ್ದಂತೆ ಒಯ್ದರು.
ಕೆಲಸ ಹನ್ನೊಂದು ದಿನ ನಿಂತಿತು,
ಕೂಲಿಯೂ.

ಆಮೇಲೆ ಪೈಪು, ಜಾಲರಿ, ಇಂಟರ್‌ಲಾಕು, ಹಳದಿ ಗೆರೆ.
ನಕ್ಷೆಯಲ್ಲಿ ಚರಂಡಿ ಕೋಟೆಯನ್ನು ಸುತ್ತಿ
ಕೆಳಗಿನ ಮೂಲೆಯಲ್ಲಿ ಒಂದು ಬಾಣವಾಗುತ್ತಿತ್ತು,
ಬಾಣದ ತುದಿ ಹಾಳೆಯ ಅಂಚಿಗೆ ತಾಗಿ.
ಮುಂದೇನು ಎಂದು ಇಂಜಿನಿಯರ್ ಮೋತಾಝ್‌ನನ್ನು ಕೇಳಿದ್ದೆ.
'ಅದು ಬೇರೆ ಗುತ್ತಿಗೆ' ಅಂದ,
ಚಹಾ ತರಿಸಿದ.

ಡಿಸೆಂಬರಿನಲ್ಲಿ ಬಂತು, ಗುರುವಾರ ರಾತ್ರಿ.
ಮುಸಬ್ಬಾನ ಫೋನು, ಖುಷಿಗೆ ದನಿ ಒಡೆದಿತ್ತು:
'ಬಂದು ನೋಡು ಮುಹಂದಿಸ್, ಒಂದು ಹನಿ ನಿಂತಿಲ್ಲ!'
ನನ್ನನ್ನು ಇಂಜಿನಿಯರ್ ಎಂದು ಕರೆದವನು ಅವನೊಬ್ಬನೇ.

ನಾನು ಕ್ಯಾಂಪಿನಲ್ಲಿ, ಮೇಲಿನ ಮಂಚದಲ್ಲಿ
ಕಾಲು ಮಡಚಿ ಕೂತಿದ್ದೆ.
ಕೆಳಗಿನ ಮಂಚ ಆಗಲೇ ಮುಳುಗಿತ್ತು.
ಯಾರದೋ ಚಪ್ಪಲಿ, ಅಕ್ಕಿಯ ಡಬ್ಬ,
ಕೋಟೆ ಕಡೆಯ ಒಂದು ಹಳದಿ ಶಂಕು
ಬಾಗಿಲಿಂದ ಒಳಕ್ಕೆ
ಸಾಲಾಗಿ ತೇಲಿ ಬರುತ್ತಿದ್ದವು.

ಒಳ್ಳೆಯ ಇಳಿಜಾರು.
ಮಟ್ಟ ಹಿಡಿದದ್ದು ನಾನೇ.